ಟ್ರಿನಿಡಾಡಿಗೆ ಹೋಗುವ ಮುನ್ನ

ಒಂದು ಪೆಟ್ಟಿಗೆ ರೇಷ್ಮೆ ಸೀರೆ ಮಾರಲೇಬೇಕಿತ್ತು. ಇಲ್ಲದಿದ್ದರೆ ಹಡಗಿನ ಖರ್ಚೂ ಮುಳುಗುತ್ತಿತ್ತು. ಅರವತ್ತರ ದಶಕದ ಮಾತು. ವೆಸ್ಟ್ ಇಂಡೀಸಿನ ಟ್ರಿನಿಡಾಡ್ ದ್ವೀಪಕ್ಕೆ ಹೊರಟ ನನಗೆ ಕೊಡೆ ತಗೋ, ಟೋಪಿ ತಗೋ ಎಂದವರೆಲ್ಲ ಮುಖ್ಯವಾದದ್ದನ್ನೇ ಹೇಳಿರಲಿಲ್ಲ.

ಆಗೆಲ್ಲ ನಮ್ಮ ಶಿಡ್ಲಘಟ್ಟದ ರೇಷ್ಮೆಗೂಡಿನ ಸಂತೆಯಲ್ಲಿ ಮಾತೇ ಇಲ್ಲ. ಟವೆಲಿನಡಿ ಬೆರಳು ಹಿಡಿದು ದರ ಕುದುರಿಸುತ್ತಿದ್ದೆವು. ಅದೇ ಅಭ್ಯಾಸದಲ್ಲಿ ಟ್ರಿನಿಡಾಡಿನ ಜವಳಿ ಅಂಗಡಿಗೂ ಸೀದಾ ನುಗ್ಗಿ, ಮುದುಕಿ ಯಜಮಾನಿಯ ಮುಂದೆ ಟವೆಲ್ ಹೊದಿಸಿದ ಕೈ ಚಾಚಿದೆ.

"ಕೈಗೆ ಗಾಯವೇನಪ್ಪಾ?" ಎಂದಳು ಇಂಗ್ಲಿಷಿನಲ್ಲಿ.

"ಇಲ್ಲಮ್ಮ, ಸೀರೆ ವ್ಯಾಪಾರ."

"ಹಾಗಾದ್ರೆ ಆಚೆ ಹೋಗಿ, ಗುಡ್ ಮಾರ್ನಿಂಗ್ ಹೇಳ್ಕೊಂಡು ಬಾ. ಅದಿಲ್ಲದೆ ಇಲ್ಲಿ ಯಾರೂ ಏನೂ ಕೊಳ್ಳಲ್ಲ."

ಹಾಗೇ ಮಾಡಿದೆ. ನಮ್ಮಮ್ಮನ ಆರೋಗ್ಯವನ್ನೂ ವಿಚಾರಿಸಿ, ಮುದುಕಿ ಇಡೀ ಪೆಟ್ಟಿಗೆ ಕೊಂಡಳು.

ಊರಿಗೆ ಬಂದು, ಸಂತೆಯಲ್ಲಿ ಗೂಡು ಮಾರುವ ರೈತನಿಗೂ ಟವೆಲ್ ಹೊದಿಸುವ ಮೊದಲೇ ಕೈಮುಗಿದೆ.

"ಏನ್ ಸ್ವಾಮಿ, ಇವತ್ತು ಸಾಲಾನಾ?" ಅಂತ ಬುಟ್ಟಿ ಹಿಂದಕ್ಕೆಳೆದುಕೊಂಡ.

ನಮಸ್ಕಾರದ ಒಟ್ಟು ಗಳಿಕೆ: ಅಲ್ಲಿ ಒಂದು ಪೆಟ್ಟಿಗೆ ಸೀರೆ ಮಾರಿಹೋಯಿತು, ಇಲ್ಲಿ ಒಂದು ಬುಟ್ಟಿ ಗೂಡೂ ಬರಲಿಲ್ಲ.