ಬಿಸ್ಮಿಲ್ಲಾ ಬಿಚ್ಚಿದ ಪೆಟ್ಟಿಗೆ

ನಮ್ಮ ಪೆಟ್ಟಿಗೆಗೆ ವಿಮೆ ಸಿಗದಂತೆ ಮಾಡಿದವಳು ಬಿಸ್ಮಿಲ್ಲಾ. ಲಾರಿಯದೂ ತಪ್ಪಲ್ಲ, ರಸ್ತೆಯದೂ ಅಲ್ಲ.

ಚಿಕ್ಕೋಡಿಯಲ್ಲಿ ಅವಳು ನಮ್ಮ ಗೋಡೆಯಾಚೆಯ ನೆರೆಯವಳು. ಬಳೆ ಮಾರುತ್ತಿದ್ದಳು. ಮುಚ್ಚಿದ್ದೇನನ್ನು ಕಂಡರೂ ಅವಳ ಕೈ ಸುಮ್ಮನಿರುತ್ತಿರಲಿಲ್ಲ. ಮಾತಾಡುತ್ತಲೇ ನನ್ನ ಒಲೆಯ ಮೇಲಿನ ಮುಚ್ಚಳ ಎತ್ತಿ, “ಇವತ್ತೂ ಬದನೀಕಾಯೇನ ಬೇ? ಮನ್ಯಾಗಿನವರು ಹೆಂಗ ತಿಂತಾರ?” ಎನ್ನುತ್ತಿದ್ದಳು. ಗಾಜಿನ ಬಳೆ ಹೊತ್ತು ಕಬ್ಬೂರ ಸಂತೆಗೆ ಬಸ್ಸಿನಲ್ಲಿ ನಿಂತೇ ಹೋಗುತ್ತಿದ್ದಳು. ಒಂದೂ ಒಡೆಯುತ್ತಿರಲಿಲ್ಲ.

ನನ್ನ ಮಗನಿಗೆ ಅಥಣಿಗೆ ವರ್ಗವಾಯಿತು. ಸಾಮಾನು ಕಟ್ಟಲು ಬಂದವರ ಮುಖಂಡ ಹೇಳಿದ: “ನಾವು ಕಟ್ಟಿದ್ದು ಒಡದ್ರ ವಿಮಾ ಐತ್ರಿ. ನಡುವ ನೀವು ಬಿಚ್ಚಿದ್ರ ಇಲ್ರಿ.”

ಬಿಸ್ಮಿಲ್ಲಾ ಬಾಯಿ ಹಾಕಿದಳು: “ಒಡದ್ರ ರೊಕ್ಕಾ ಕೊಡ್ತೀರಿ. ಒಡೀದಂಗ ಮುಟ್ಟಿದ್ರ ಏನ್ ಕೊಡ್ತೀರಿ?”

ಅವನು ಮುಂದಿನ ಪೆಟ್ಟಿಗೆಗೆ ಟೇಪು ಹಚ್ಚತೊಡಗಿದ.

ನಮ್ಮ ಓಣಿಯಲ್ಲಿ ಖಾಲಿ ಪಾತ್ರೆಯನ್ನು ಹೊಸ ಮನೆಗೆ ಒಯ್ಯುವುದಿಲ್ಲ. ಒಂದು ಹಿಡಿ ಕಾಳಾದರೂ ಹಾಕುತ್ತೇವೆ. ನನ್ನ ಪಿಂಗಾಣಿ ಬರಣಿಯನ್ನು ಅವರು ಹಾಗೇ ಕಟ್ಟಿಬಿಟ್ಟರು. “ಖಾಲಿ ಕಳಸ್ತಿಯೇನ ಬೇ?” ಎಂದು ಬಿಸ್ಮಿಲ್ಲಾ ಕೇಳಿದಳು. “ಇರ್ಲಿ ಬಿಡು,” ಎಂದೆ. ಅವಳು ಬಿಡಲಿಲ್ಲ. ನಾವು ಊಟಕ್ಕೆ ಕೂತಾಗ ಪೆಟ್ಟಿಗೆ ಬಿಚ್ಚಿ, ಹಿಡಿಯಲ್ಲ, ಬಾಯಿಯವರೆಗೂ ಜೋಳ ತುಂಬಿ, ಮತ್ತೆ ಟೇಪು ಹಚ್ಚಿದ್ದಳು. ರಾಯಬಾಗದ ತಗ್ಗಿನಲ್ಲಿ ಲಾರಿ ಎಗರಿದಾಗ ಆ ಭಾರಕ್ಕೆ ಬರಣಿ ಹೋಯಿತು. ಅದೇ ಪೆಟ್ಟಿಗೆಯಲ್ಲಿ ಕೆಳಗಿದ್ದ ಸೊಸೆಯ ಗಾಜಿನ ತಟ್ಟೆಗಳೂ ಹೋದವು.

ಅಥಣಿಗೆ ಬಂದ ವಿಮೆಯವನು ಕೇಳಿದ: “ಇದನ್ನ ಯಾರ್ ಬಿಚ್ಚಿದ್ರಿ ಅಜ್ಜಿ?”

ಹೇಳಬೇಡ ಎಂದು ಮಗ ಕಣ್ಸನ್ನೆ ಮಾಡಿದ. ನೆಲದ ತುಂಬ ಜೋಳ ಬಿದ್ದಿರುವಾಗ ಸುಳ್ಳು ಹೇಳಿ ಮಾಡುವುದೇನು? “ಬಿಸ್ಮಿಲ್ಲಾ ಬಿಚ್ಯಾಳ,” ಎಂದೆ.

ವಿಮೆ ಇಲ್ಲವೆಂದು ಅವನು ಹೊರಟುಹೋದ. ಮಗ ಬಿಸ್ಮಿಲ್ಲಾಳಿಗೆ ಫೋನ್ ಹಚ್ಚಿ ಬಾಯಿಗೆ ಬಂದಂತೆ ಅಂದ. ಆಮೇಲೆ ನಾನು ಹಚ್ಚಿದರೆ ಅವಳು ಎತ್ತಲೇ ಇಲ್ಲ. ತಟ್ಟೆಗಳು ಪೇಟೆಯಲ್ಲಿ ಸಿಗುತ್ತವೆ. ಇವಳು ಬಾಯಿ ಮುಚ್ಚಿ ಕೂತರೆ ನಾನು ಯಾರ ಕೂಡ ಜಗಳಾಡಲಿ?

ಹೋದ ಮಳೆಗಾಲದಲ್ಲಿ ಬಿಸ್ಮಿಲ್ಲಾ ತೀರಿಕೊಂಡಳು. ಎಂಥವಳಿದ್ದಳು ಎಂದು ಮೊಮ್ಮಗಳು ಕೇಳಿದರೆ ಮಗ ಫೋನ್ ಹಚ್ಚಿದ ಮರುದಿನ ಬೆಳಗಿನದನ್ನೇ ಹೇಳುತ್ತೇನೆ. ಮೊದಲ ಬಸ್ಸು ಹತ್ತಿ ಚಿಕ್ಕೋಡಿಗೆ ಹೋದೆ. ಅವಳ ಮುಂದೆ ಮುಚ್ಚಳ ಬಿಗಿದ ಸ್ಟೀಲಿನ ಡಬ್ಬಿಯಿಟ್ಟು ಕೂತೆ. ಮುಖ ತಿರುಗಿಸಿದಳು. ಆದರೆ ಕೈ ತಡೆಯಲಿಲ್ಲ; “ಒಳಗೇನೈತಿ ಬೇ?” ಎನ್ನುತ್ತ ಮುಚ್ಚಳ ತೆಗೆದಳು. ಖಾಲಿ ಇತ್ತು.

“ಇದು ಒಡಿಯೂದಿಲ್ಲ,” ಎಂದೆ. “ತುಂಬು.”