ರೋಲು ತೊಳೆಯುವವರು ಯಾರು?

ನಾನು ಕ್ಯಾಮೆರಾ ಕಣ್ಣಿಗೆ ಹಿಡಿದದ್ದೇ ತಡ, ದಾದಿಮಾ ಸೆರಗನ್ನು ಮುಖದ ಮೇಲೆ ಎಳೆದುಕೊಂಡುಬಿಟ್ಟರು.

ಬ್ಯಾಡಗಿಯ ಒಂದು ಮನೆ, ನಸೀಮಾಳ ನಿಶ್ಚಿತಾರ್ಥ. ತಾಯಿಯಿಲ್ಲದ ಅವಳನ್ನು ಸಾಕಿ ದೊಡ್ಡವಳನ್ನಾಗಿ ಮಾಡಿದವರು ಈ ದಾದಿಮಾ, ಅವಳ ಅಪ್ಪನ ತಾಯಿ. ಮದುವೆಯಾಗಿ ಸೊಲ್ಲಾಪುರಕ್ಕೆ ಹೋಗುವ ಮೊದಲು ಅಜ್ಜಿಯ ಜೊತೆ ಒಂದೇ ಒಂದು ಫೋಟೋ ಬೇಕು ಎಂದು ಹುಡುಗಿಯ ಹಟ.

ನಮ್ಮದು ರಾಣೆಬೆನ್ನೂರಿನಲ್ಲಿ ಸಣ್ಣ ಸ್ಟುಡಿಯೋ. ಅಂಗಡಿ ನೋಡಿಕೊಳ್ಳುವುದು ನಮ್ಮ ಯಜಮಾನರು, ಹೊರಗಿನ ಆರ್ಡರ್ ನನ್ನದು. ಹೆಂಗಸರ ಕೋಣೆಗೆ ಗಂಡಸರನ್ನು ಬಿಡದ ಮನೆಗಳಲ್ಲಿ ನನಗೇ ಕರೆ ಬರುತ್ತಿತ್ತು.

ಮನೆಯ ಉಳಿದ ಹೆಂಗಸರೆಲ್ಲ ನಗುನಗುತ್ತಾ ಫೋಟೋಕ್ಕೆ ನಿಂತಿದ್ದರು. ದಾದಿಮಾ ಮಾತ್ರ ಸೆರಗಿನೊಳಗಿಂದಲೇ ಕೇಳಿದರು.

"ಈ ಫಿಲಂ ರೋಲ್ ಯಾರು ತೊಳೀತಾರವಾ?"

"ಹುಬ್ಬಳ್ಳಿ ಲ್ಯಾಬ್‌ನ್ಯಾಗ ತೊಳೀತಾರ್ರಿ."

"ಅಲ್ಲಿ ಗಂಡಸರ ಅದಾರೋ, ಹೆಂಗಸರ ಅದಾರೋ?"

ಹೆಂಗಸರು ಅಂತ ಹೇಳಿಬಿಡಿ ಎಂದು ನಸೀಮಾ ಅಜ್ಜಿಯ ಬೆನ್ನ ಹಿಂದಿನಿಂದ ಕಣ್ಸನ್ನೆ ಮಾಡುತ್ತಿದ್ದಾಳೆ. ಸುಳ್ಳು ಹೇಳಲು ನನಗೆ ಬಾಯಿ ಬರಲಿಲ್ಲ. ಗಂಡಸರೇ ಎಂದೆ.

"ಹಂಗಾರ ನಾ ಒಲ್ಲೆ. ಗುರುತಿಲ್ಲದ ಗಂಡಸರು ನನ್ನ ಮಾರಿ ನೀರಾಗ ಅದ್ದಿ ಅದ್ದಿ ನೋಡೂದು ಬ್ಯಾಡ."

ಅಲ್ಲಿಗೆ ಮುಗಿಯಿತು. ನಸೀಮಾ ಅಡುಗೆಮನೆಗೆ ಹೋಗಿ ಅತ್ತಳು. ನಾನು ಚಹಾ ಕುಡಿದು ಬಸ್ ಹತ್ತಿದೆ.

ಆಗ ಹಾವೇರಿ ಕಡೆ ಎಲ್ಲರಿಗೂ ಡಿಜಿಟಲ್ ಜ್ವರ ಹಿಡಿದಿತ್ತು. ಮದುವೆ ಮನೆಗಳಲ್ಲಿ ಸಿಕ್ಕ ಫೋಟೋಗ್ರಾಫರುಗಳು ನನ್ನ ಕ್ಯಾಮೆರಾ ನೋಡಿ ಕಿಚಾಯಿಸುತ್ತಿದ್ದರು. "ಅಕ್ಕಾರ, ಇನ್ನೂ ರೋಲ್ ಏನ್ರಿ? ಅದನ್ನ ಮ್ಯೂಸಿಯಮ್ಮಿಗೆ ಕೊಟ್ಟುಬಿಡ್ರಿ!"

ನಾನೇನು ಕಡಿಮೆಯೇ... "ನಿಮ್ಮ ಮೆಗಾಪಿಕ್ಸೆಲ್ ನೋಡಿ ಮದಲಗಿತ್ತಿ ಚಂದ ಆಗ್ತಾಳೇನು?" ಎಂದು ತಿರುಗಿ ಕೊಡುತ್ತಿದ್ದೆ. ಚೆನ್ನಾಗಿ ಓಡುವ ಕ್ಯಾಮೆರಾವನ್ನು ಮೂಲೆಗೆ ಎಸೆಯುವುದು ನನ್ನ ಜಾಯಮಾನವಲ್ಲ. ಆ ಮಾತು ಈಗಲೂ ಹಾಗೆಯೇ ಇದೆ.

ಆದರೆ ಅವತ್ತು ಬಸ್ಸಿನಲ್ಲಿ ದಾದಿಮಾರ ಮಾತು ತಲೆಯಿಂದ ಇಳಿಯಲಿಲ್ಲ. ಇಷ್ಟು ವರ್ಷ ಆ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ. ನಾನೂ ಯೋಚಿಸಿರಲಿಲ್ಲ.

ಮುಂದೆ ಹುಬ್ಬಳ್ಳಿಗೆ ಹೋದಾಗ ಕ್ಯಾಮೆರಾ ಅಂಗಡಿ ಹೊಕ್ಕೆ. ಸೇಲ್ಸ್‌ಮನ್ ಹೊಸದಾಗಿ ಬಂದಿದ್ದ ದೊಡ್ಡ ಕ್ಯಾಮೆರಾ ತೆಗೆದು ಗುಣಗಾನ ಶುರುಮಾಡಿದ. ನಾನು ತಡೆದೆ. "ತಮ್ಮಾ, ಲ್ಯಾಬ್ ಬ್ಯಾಡ, ಕಂಪ್ಯೂಟರ್ ಬ್ಯಾಡ. ಫೋಟೋ ತಗದ ಕ್ವಾಣ್ಯಾಗ ಪ್ರಿಂಟ್ ಬರಬೇಕು. ಅಂಥಾದ್ದು ಏನರ ಐತೇನು?"

ಅವನು ತಲೆ ಕೆರೆದುಕೊಂಡು ಕೆಳಗಿನ ಕಪಾಟಿನಿಂದ ಒಂದು ಪುಟ್ಟ ಕ್ಯಾಮೆರಾ, ಊಟದ ಡಬ್ಬಿಯಷ್ಟಿದ್ದ ಒಂದು ಪ್ರಿಂಟರ್ ಹೊರತೆಗೆದ. ಹಳೆಯ ಮಾಡೆಲ್ ಎಂದು ತಾನೇ ನಾಚಿಕೊಂಡ. ಹಾವೇರಿಯ ಗೆಳೆಯರಂತೂ, ಡಿಜಿಟಲ್ ತಗೊಂಡರೂ ಹಳೆಯದನ್ನೇ ತಗೊಂಡೆಯಲ್ಲ ಎಂದು ಹೊಟ್ಟೆ ಹಿಡಿದು ನಕ್ಕರು.

ನಸೀಮಾಳ ಮದುವೆಯ ಹಿಂದಿನ ದಿನ ಮೆಹಂದಿ. ಹೆಂಗಸರ ಕೋಣೆಯಲ್ಲಿ ಪ್ರಿಂಟರ್ ಇಟ್ಟು ದಾದಿಮಾರಿಗೆ ಹೇಳಿದೆ, ಇದನ್ನು ತೊಳೆಯುವವರು ಯಾರೂ ಇಲ್ಲ, ನಿಮ್ಮ ಕಣ್ಣೆದುರೇ ಬರುತ್ತದೆ ಎಂದು. ಅವರು ಡಬ್ಬಿಯನ್ನು ಸುತ್ತಲೂ ನೋಡಿ, ಬಾಗಿಲು ಹಾಕಿಸಿ, ಸೆರಗು ಸರಿಸಿ, ಮೊಮ್ಮಗಳ ಪಕ್ಕ ಕುಳಿತರು.

ಅವರು ಜೀವಮಾನವೆಲ್ಲ ಮೆಣಸಿನಕಾಯಿ ತೊಟ್ಟು ಬಿಡಿಸಿದವರು. ಈಗ ನಸೀಮಾಳ ಅಂಗೈಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಕಾಯಿಯ ಬಣ್ಣ ಪರೀಕ್ಷಿಸುವ ಹಾಗೆಯೇ ಮೆಹಂದಿಯ ಬಣ್ಣ ನೋಡುತ್ತಿದ್ದಾರೆ. ಹುಡುಗಿ ಅಜ್ಜಿಯ ಮುಖ ನೋಡುತ್ತಿದ್ದಾಳೆ. ನಾನು ಕ್ಲಿಕ್ ಮಾಡಿದೆ.

ಕಾಗದ ಹೊರಗೆ ಬಂತು. ಬರೀ ಹಳದಿ. ಒಳಗೆ ಹೋಗಿ ಮತ್ತೆ ಬಂತು, ಕೆಂಪು ಕೂಡಿತ್ತು. "ಯಾ ಅಲ್ಲಾ, ನಮ್ಮ ಮೆಣಸಿನಕಾಯಿ ಬಣ್ಣ!" ಎಂದು ಯಾರೋ ನಕ್ಕರು. ಮೂರನೆಯ ಸಲ ನೀಲಿ ಸೇರಿದ್ದೇ, ಅಲ್ಲಿ ದಾದಿಮಾ ಇದ್ದರು.

ನಸೀಮಾ ಮೆಹಂದಿ ಕೈಯಲ್ಲಿ ಮುಟ್ಟಲಾರದೆ ಬಗ್ಗಿ ಬಗ್ಗಿ ನೋಡಿದಳು.

ದಾದಿಮಾ ನನ್ನತ್ತ ತಿರುಗಿ ಕ್ಯಾಮೆರಾ ತೋರಿಸಿದರು. "ಆ ಪೆಟಿಗ್ಯಾಗ ಇನ್ನೂ ನಾ ಅದೀನೇನು?"

"ಅದೀರ್ರಿ."

"ಹಂಗಾರ ಅಲ್ಲಿಂದ ನನ್ನ ತಗದಬಿಡು ಬೇಟಿ."

ಬೆರಳು ಏಳಲಿಲ್ಲ... ನಾನು ಅಲ್ಲಿಯವರೆಗೆ ತೆಗೆದದ್ದರಲ್ಲೆಲ್ಲ ಅದೇ ಒಳ್ಳೆಯ ಫೋಟೋ. ಅಳಿಸಿದ ಹಾಗೆ ಮಾಡಿ ಉಳಿಸಿಕೊಂಡಿದ್ದರೆ ಅವರಿಗೆ ತಿಳಿಯುತ್ತಲೂ ಇರಲಿಲ್ಲ. ಆದರೆ ಅವರು ಸೆರಗು ಸರಿಸಿದ್ದು ನನ್ನ ಕ್ಯಾಮೆರಾ ನೋಡಿ ಅಲ್ಲ, ನನ್ನನ್ನು ನಂಬಿ.

ಅವರ ಎದುರೇ ಅಳಿಸಿದೆ.

ಪ್ರಿಂಟರಿನೊಳಗಿನ ಬಣ್ಣದ ರಿಬ್ಬನ್ ಮೇಲೂ ಮುಖದ ಅಚ್ಚು ಉಳಿಯುತ್ತದೆ. ಅದು ಆ ಕೋಣೆಯಲ್ಲಿ ನನಗೊಬ್ಬಳಿಗೇ ಗೊತ್ತಿತ್ತು. ಆ ತುಂಡನ್ನೂ ಕತ್ತರಿಸಿ ಅವರ ಕೈಗೆ ಕೊಟ್ಟೆ. ಅವರು ಅದನ್ನು ಬೆಳಕಿಗೆ ಹಿಡಿದು ನೋಡಿ, ಒಲೆಗೆ ಹಾಕಿ ಬಂದು, ನನ್ನ ತಲೆಯ ಮೇಲೆ ಕೈಯಿಟ್ಟರು.

ಈಗ ಸ್ಟುಡಿಯೋಕ್ಕೆ ಬರುವ ಹೊಸ ಫೋಟೋಗ್ರಾಫರುಗಳು ಕೇಳುತ್ತಲೇ ಇರುತ್ತಾರೆ, ಈ ವರ್ಷದ ಮಾಡೆಲ್‌ಗೆ ಅಪ್‌ಗ್ರೇಡ್ ಆಗಲೇಬೇಕಾ ಎಂದು. ಹೌದು ಎನ್ನಲೂ ಆಗುವುದಿಲ್ಲ, ಇಲ್ಲ ಎನ್ನಲೂ ಆಗುವುದಿಲ್ಲ.

ದಾದಿಮಾ ತೀರಿಕೊಂಡ ಸುದ್ದಿ ತಿಳಿಸಲು ನಸೀಮಾ ಸೊಲ್ಲಾಪುರದಿಂದ ಫೋನ್ ಮಾಡಿದ್ದಳು. ಅತ್ತು ಸಮಾಧಾನವಾದ ಮೇಲೆ ಹೇಳಿದಳು, "ಆ ಫೋಟೋ ಭದ್ರ ಐತಿ ಅಕ್ಕಾ, ಬಣ್ಣ ಏನೂ ಹೋಗಿಲ್ಲ. ಮೊಬೈಲ್‌ನ್ಯಾಗ ತಗದು ಕಳಸ್ಲೇನು?"

ನೋಡುವ ಆಸೆ ಎಷ್ಟಿತ್ತೆಂದು ನಿಮಗೆ ಹೇಗೆ ಹೇಳಲಿ... "ಬ್ಯಾಡವಾ, ನಿನ್ನ ಕಡೆನ ಇರಲಿ" ಎಂದೆ.

ಹೊಸ ಕ್ಯಾಮೆರಾ ಬೇಕಾ ಎಂದು ಕೇಳುವ ಗೆಳೆಯರೇ, ನಿಮ್ಮ ಕ್ಯಾಮೆರಾದ ಮುಂದೆ ಕುಳಿತವರು ನಿಮ್ಮನ್ನು ಏನು ಕೇಳಿದರು?