ಅಂಗೈಗೆ ಹಚ್ಚಿದ ಕಣ್ಣಿನ ಔಷಧಿ

ಆರ್.ಟಿ. ನಗರದ ಅರ್ಧ ಮದುವಣಗಿತ್ತಿಯರ ಕೈಗೆ ಮೆಹಂದಿ ಹಾಕಿದ ಸುಗ್ರಾಬಿಯ ಅಂಗೈ ಮಾತ್ರ ಹನ್ನೊಂದು ವರ್ಷದಿಂದ ಬೋಳು. ಗಂಡ ತೀರಿಕೊಂಡವಳು ಹಚ್ಚಿಕೊಂಡರೆ ಗಲ್ಲಿಯವರು ಏನೆಂದಾರೋ ಎಂಬ ಅಂಜಿಕೆ. ಎಲೆ ರುಬ್ಬುವಾಗ ಬಣ್ಣ ಹತ್ತದಿರಲೆಂದು ಕೈಗೆ ಎಣ್ಣೆ ಬಳಿದುಕೊಳ್ಳುವಳು. ಆಸೆ ಇರಲಿಲ್ಲವೆಂದಲ್ಲ, ಬೇಕಾದಷ್ಟಿತ್ತು.

೧೯೮೪ರ ಮಳೆ ನಿಂತದ್ದೇ ತಡ, ಖಾಲಿ ಸೈಟುಗಳಲ್ಲೆಲ್ಲ ಕಾಂಗ್ರೆಸ್ ಗಿಡ ಹೂಬಿಟ್ಟಿತು. ಸುಗ್ರಾಬಿಯ ಕಣ್ಣು ಕೆಂಡವಾಯಿತು. ಅಂತಿಂಥ ನವೆಯಲ್ಲ, ಉಜ್ಜಿದಷ್ಟೂ ಹಿತ, ಹಿತವಾದಷ್ಟೂ ನವೆ. ತಾನೇ ಎತ್ತಿ ಆಡಿಸಿದ ಪಕ್ಕದ ಮನೆಯ ಹುಡುಗಿ ಕುಲ್ಸುಮಳ ಮದುವೆಗೆ ಹತ್ತೇ ದಿನ.

"ಮದ್ರಾಸ್ ಐ ಇದ್ದಂಗಿದೆ ಆಪಾ," ಎಂದಳು ಹುಡುಗಿಯ ತಾಯಿ ಕುಬ್ರಾ, ಬಾಗಿಲಾಚೆಯೇ ನಿಂತು. "ಅಷ್ಟ್ರಲ್ಲಿ ವಾಸಿ ಆಗ್ದಿದ್ರೆ ಮೆಹಂದಿಗೆ ಬೇರೆಯವ್ರನ್ನ ಕರೀತೀನಿ. ಬೇಜಾರ್ ಮಾಡ್ಕೋಬೇಡಿ."

ಬೇಜಾರಾಗದೆ ಇರುತ್ತದೆಯೇ? ಸುಗ್ರಾಬಿ ಹೆಬ್ಬಾಳದ ಡಾಕ್ಟರಮ್ಮನ ಹತ್ತಿರ ಓಡಿದಳು.

ಡಾಕ್ಟರಮ್ಮ ರೆಪ್ಪೆ ಮಗುಚಿ ನೋಡಿದರು. "ಅಂಟೋದಲ್ಲಮ್ಮ, ಅಲರ್ಜಿ. ಕಾಂಗ್ರೆಸ್ ಗಿಡದ ಹೂವಿನ ಪುಡಿಯಿಂದ ಶುರುವಾಗುತ್ತೆ. ನೀವು ಉಜ್ಜಿದ್ರೆ ನರದ ತುದಿಗಳು ಒಂಥರಾ ರಸ ಬಿಡ್ತವೆ, ಸುತ್ತಲೂ ಸುದ್ದಿ ಮುಟ್ಟಿಸೋ ರಸ. ಅದು ಹೋಗಿ ಅಕ್ಕಪಕ್ಕದ ರಕ್ತನಾಳನೆಲ್ಲ ಕೆಣಕುತ್ತೆ. ಕೆಂಪು, ಊತ, ಮತ್ತೆ ನವೆ. ಈಗೀಗ ಫಾರಿನ್‌ನಲ್ಲಿ ಕಂಡುಹಿಡೀತಿದ್ದಾರೆ."

"ಅದಕ್ಕೆ ಫಾರಿನ್ ಯಾಕೆ ಡಾಕ್ಟರಮ್ಮ? ಸುದ್ದಿ ಮುಟ್ಸಿ ಅಕ್ಕಪಕ್ಕದವ್ರನ್ನ ಕೆಣಕೋದು ನಮ್ ಗಲ್ಲೀಲಿ ನಾಲ್ಕು ಜನಕ್ಕೆ ಇದೇ ಕೆಲ್ಸ," ಎಂದಳು ಸುಗ್ರಾಬಿ.

ಡಾಕ್ಟರಮ್ಮ ನಗುತ್ತಲೇ ಡ್ರಾಪ್ಸ್ ಬರೆದುಕೊಟ್ಟರು. "ಉಜ್ಜಬೇಡಿ. ಅದೇ ಮುಖ್ಯ."

ಹೇಳುವುದೇನೋ ಸುಲಭ. ಮನೆ ಮುಟ್ಟುವಷ್ಟರಲ್ಲಿ ಕೈ ಮೂರು ಸಲ ಕಣ್ಣಿಗೆ ಹೋಗಿತ್ತು. ಕೈಗೆ ಸೆರಗು ಸುತ್ತಿದಳು, ಕೈಯ ಮೇಲೆಯೇ ಕೂತಳು, ನವೆ ಜಪ್ಪಯ್ಯ ಅನ್ನಲಿಲ್ಲ. ಆಗ ಬಟ್ಟಲಲ್ಲಿ ಮಿಕ್ಕಿದ್ದ ಮೆಹಂದಿ ಕಾಣಿಸಿತು. ಹಸಿ ಮೆಹಂದಿಯ ಕೈಯನ್ನು ಯಾವ ಹೆಂಗಸೂ ಮುಖದ ಹತ್ತಿರ ಒಯ್ಯುವುದಿಲ್ಲ. ಡ್ರಾಪ್ಸ್ ಬಿಟ್ಟುಕೊಂಡು, ಎರಡೂ ಅಂಗೈಗೆ ದಪ್ಪಗೆ ಮೆತ್ತಿಕೊಂಡು ಕೂತಳು. ಮಾರನೆಯ ದಿನವೂ ಅಷ್ಟೇ, ಅದರ ಮಾರನೆಯ ದಿನವೂ ಅಷ್ಟೇ.

ಮೆಹಂದಿಯ ದಿನ ಕೆಂಪಿಳಿದ ಕಣ್ಣು, ಕಡುಗೆಂಪು ಅಂಗೈ ಹೊತ್ತು ಮದುವೆಮನೆಗೆ ಹೋದಳು. ಹೆಂಗಸರ ಕಣ್ಣೆಲ್ಲ ಆ ಅಂಗೈ ಮೇಲೆ ಬಿತ್ತು.

"ಏನ್ ನೋಡ್ತೀರಿ? ಕಣ್ಣಿನ ಔಷಧಿ!" ಎಂದು ಗದರಿ ಕುಲ್ಸುಮಳ ಕೈ ಎಳೆದುಕೊಂಡಳು. ತನ್ನ ಕೆಂಪು ಅಂಗೈ ಮೇಲೆ ಆ ಹುಡುಗಿಯ ಕೈ ಇಟ್ಟುಕೊಂಡು ಬಳ್ಳಿ ಬರೆಯುವಾಗ ಅವಳಿಗಾದ ಸಂತೋಷ ಅಷ್ಟಿಷ್ಟಲ್ಲ.

ಬೇಸಿಗೆ ಬಂತು. ಗಿಡ ಒಣಗಿತು, ನವೆ ಹೋಯಿತು. ಅಂಗೈ ಕೆಂಪಗೇ ಇತ್ತು.

"ಕಣ್ಣು ವಾಸಿ ಆಯ್ತಲ್ಲ ಆಪಾ, ಇನ್ನೂ ಯಾಕೆ?" ಎಂದು ಕುಬ್ರಾ ಕೇಳಿಯೇಬಿಟ್ಟಳು.

"ನಿಲ್ಲಿಸಿ ಅಂತ ಡಾಕ್ಟರಮ್ಮ ಹೇಳಿಲ್ವಲ್ಲ."

ಹಚ್ಚಿಕೊಳ್ಳಿ ಎಂದೂ ಡಾಕ್ಟರಮ್ಮ ಹೇಳಿರಲಿಲ್ಲ.